‘ಚಾರ್ಜ್’ ಎಂಬ ಪದ: ಯಾರ ಮೇಲೆ ಏನು ಹೊರೆ?

ಪ್ರಶ್ನೆ: ನಾನು ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಇತ್ತೀಚೆಗೆ ಇಂಗ್ಲಿಷಿನ ಕರಡು ಪತ್ರವೊಂದರಲ್ಲಿ ‘ಮಿಸ್ಟರ್ ರಾವ್ ಈಸ್ ಇನ್ ದಿ ಚಾರ್ಜ್ ಆಫ್ ದಿ ರೆಕಾರ್ಡ್ಸ್’ ಎಂದು ಬರೆದಿದ್ದೆ. ಮೇಲಧಿಕಾರಿಗಳು ಮೊದಲ ‘ದಿ’ಯನ್ನು ಹೊಡೆದುಹಾಕಿದರು, ಕಾರಣ ಹೇಳಲಿಲ್ಲ. ಪಿಯುಸಿ ಓದುತ್ತಿರುವ ಮಗ ಅದೇ ದಿನ ಇಂಗ್ಲಿಷ್ ಪತ್ರಿಕೆಯನ್ನು ಹಿಡಿದು ಬಂದು, ಆಸ್ಪತ್ರೆ ಹಣ ಪಡೆದರೂ ‘ಚಾರ್ಜ್’, ಆನೆ ನುಗ್ಗಿದರೂ ‘ಚಾರ್ಜ್’, ಆರೋಪ ಹೊರಿಸಿದರೂ ‘ಚಾರ್ಜ್’, ಇದೇನಿದು ಎಂದು ಕೇಳಿದ. ಇವೆಲ್ಲ ಒಂದೇ ಪದವೇ? ಬಳಸುವಾಗ ಎಡವದಿರಲು ಏನು ಮಾಡಬೇಕು? ನಾವು ‘ಬಸ್ ಚಾರ್ಜ್’ ಎನ್ನುವುದು ತಪ್ಪೇ?

ಉತ್ತರ: ಹೌದು, ಇವೆಲ್ಲವೂ ಒಂದೇ ಪದ. ಉಚ್ಚಾರ ಒಂದೇ ಆಗಿದ್ದು ಹುಟ್ಟು ಬೇರೆಯಾದ ಪದಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಕ್ರಿಕೆಟಿನ ‘ಬ್ಯಾಟ್’ಗೂ ಬಾವಲಿಯ ‘ಬ್ಯಾಟ್’ಗೂ ಯಾವ ನಂಟೂ ಇಲ್ಲ. ‘ಚಾರ್ಜ್’ ಹಾಗಲ್ಲ. ನಿಮ್ಮ ಮಗ ತೋರಿಸಿದ ಮೂರು ಅರ್ಥಗಳೂ, ನಿಮ್ಮ ಪತ್ರದಲ್ಲಿದ್ದ ನಾಲ್ಕನೆಯದೂ, ಮೊಬೈಲಿನ ಚಾರ್ಜೂ ಒಂದೇ ಬೇರಿನಿಂದ ಬಂದವು. ಆ ಬೇರು ತಿಳಿದರೆ ಅರ್ಥಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಲ್ಯಾಟಿನ್ ಭಾಷೆಯಲ್ಲಿ ‘ಕಾರ್ರುಸ್’ ಎಂದರೆ ಬಂಡಿ. ಅದರಿಂದ ‘ಬಂಡಿಗೆ ಹೇರು’ ಎಂಬ ಅರ್ಥದ ‘ಕಾರ್ರಿಕಾರೆ’ ಎಂಬ ಕ್ರಿಯಾಪದ ಹುಟ್ಟಿತು. ಹಳೆಯ ಫ್ರೆಂಚಿನಲ್ಲಿ ರೂಪ ಬದಲಿಸಿಕೊಂಡ ಈ ಪದ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಮಾತಾಡುವ ಆಳುವ ವರ್ಗದೊಡನೆ ಬಂದ ಅಸಂಖ್ಯ ಪದಗಳ ಸಾಲಿನಲ್ಲಿ, 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷನ್ನು ಸೇರಿಕೊಂಡಿತು. ‘ಕಾರ್’, ‘ಕ್ಯಾರಿ’, ಸ್ಪ್ಯಾನಿಷಿನ ಮೂಲಕ ಬಂದ ‘ಕಾರ್ಗೊ’ ಇವೆಲ್ಲ ಅದೇ ಬಂಡಿಯ ಮನೆತನದವು. ಮುಖದ ಒಂದು ಲಕ್ಷಣದ ಮೇಲೆ ಅತಿಯಾಗಿ ಭಾರ ಹೇರಿ ಬರೆಯುವ ‘ಕ್ಯಾರಿಕೇಚರ್’ ಕೂಡ ಇಟಾಲಿಯನ್ ದಾರಿಯಿಂದ ಬಂದ ಅದರ ದಾಯಾದಿಯೇ.

ಇಂಗ್ಲಿಷಿನಲ್ಲಿ ‘ಚಾರ್ಜ್’ನ ಮೊದಲ ಅರ್ಥ ಹೊರೆ ಹೇರುವುದು, ತುಂಬುವುದು. ಮುಂದೆ ಹೊರೆಯ ಬಗೆ ಬದಲಾಗುತ್ತ ಹೋಯಿತು. ಮನುಷ್ಯನ ಮೇಲೆ ಕೆಲಸದ ಹೊರೆ ಬಿದ್ದರೆ ಅದು ಹೊಣೆ, ಅಪರಾಧದ ಹೊರೆ ಬಿದ್ದರೆ ಅದು ಆರೋಪ, ಹಣದ ಹೊರೆ ಬಿದ್ದರೆ ಅದು ಶುಲ್ಕ. ಬಂದೂಕಿಗೆ ಮದ್ದು ತುಂಬುವುದೂ ಚಾರ್ಜ್, ಬ್ಯಾಟರಿಗೆ ವಿದ್ಯುತ್ತು ತುಂಬುವುದೂ ಚಾರ್ಜ್. ಕನ್ನಡಿಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮ ಭಾಷೆಯೂ ಇದೇ ದಾರಿಯಲ್ಲಿ ನಡೆದಿದೆ. ಬಂಡಿಗೆ ಮೂಟೆ ಹೇರುತ್ತೇವೆ, ಜನರ ಮೇಲೆ ತೆರಿಗೆ ಹೇರುತ್ತೇವೆ. ತಲೆಯ ಮೇಲೆ ಸೌದೆ ಹೊರಿಸುತ್ತೇವೆ, ಒಬ್ಬರ ಮೇಲೆ ಆರೋಪವನ್ನೂ ಹೊಣೆಯನ್ನೂ ಹೊರಿಸುತ್ತೇವೆ. ಕಚೇರಿಯ ‘ಪ್ರಭಾರ’, ‘ಕಾರ್ಯಭಾರ’ಗಳೊಳಗೂ ಭಾರವೇ ಕುಳಿತಿದೆ. ಆದ್ದರಿಂದ ‘ಚಾರ್ಜ್’ ಎಂಬ ಪದ ಎದುರಾದಾಗಲೆಲ್ಲ ಯಾರ ಮೇಲೆ, ಏನನ್ನು ಹೊರಿಸಲಾಗಿದೆ ಎಂದು ಕೇಳಿಕೊಳ್ಳಬೇಕು. ವಾಕ್ಯದಲ್ಲಿ ಅದರ ಅಕ್ಕಪಕ್ಕದ ಸಣ್ಣ ಪದಗಳು, ಅಂದರೆ ‘ವಿತ್’, ‘ಫಾರ್’, ‘ಆಫ್’, ‘ಅಟ್’, ‘ಟು’ಗಳು, ಈ ಪ್ರಶ್ನೆಗೆ ಉತ್ತರ ಕೊಡುತ್ತವೆ. ಎಡವುವವರು ಸಾಮಾನ್ಯವಾಗಿ ಎಡವುವುದು ಈ ಸಣ್ಣ ಪದಗಳಲ್ಲೇ.

ಮೊದಲು ನಿಮ್ಮ ಪತ್ರದ ವಿಷಯ. ‘ಇನ್ ಚಾರ್ಜ್ ಆಫ್’ ಮತ್ತು ‘ಇನ್ ದಿ ಚಾರ್ಜ್ ಆಫ್’ ಎಂಬುವು ಒಂದೇ ಮಾತಿನ ಎರಡು ರೂಪಗಳಲ್ಲ, ಎದುರು ಬದುರಾದ ಎರಡು ಅರ್ಥಗಳು. ‘ಮಿಸ್ಟರ್ ರಾವ್ ಈಸ್ ಇನ್ ಚಾರ್ಜ್ ಆಫ್ ದಿ ರೆಕಾರ್ಡ್ಸ್’ ಎಂದರೆ ದಾಖಲೆಗಳ ಹೊಣೆ ರಾವ್ ಅವರದು. ‘ದಿ ರೆಕಾರ್ಡ್ಸ್ ಆರ್ ಇನ್ ದಿ ಚಾರ್ಜ್ ಆಫ್ ಮಿಸ್ಟರ್ ರಾವ್’ ಎಂದರೂ ಅದೇ ಸಂಗತಿ. ಆದರೆ ಈಗ ವಾಕ್ಯದ ಕರ್ತೃಸ್ಥಾನದಲ್ಲಿ ದಾಖಲೆಗಳಿವೆ, ಅವು ರಾವ್ ಅವರ ಸುಪರ್ದಿನಲ್ಲಿವೆ. ನೀವು ಬರೆದಂತೆ ರಾವ್ ಅವರನ್ನು ಮೊದಲಿಟ್ಟು ‘ಇನ್ ದಿ ಚಾರ್ಜ್ ಆಫ್’ ಎಂದರೆ ರಾವ್ ಅವರೇ ದಾಖಲೆಗಳ ಸುಪರ್ದಿನಲ್ಲಿದ್ದಾರೆ ಎಂದಾಗುತ್ತದೆ. ನಿಮ್ಮ ಮೇಲಧಿಕಾರಿಗಳು ತಿದ್ದಿದ್ದು ಸರಿ. ‘ಇನ್ ದಿ ಚಾರ್ಜ್ ಆಫ್’ನ ಬದಲು ‘ಇನ್ ಹಿಸ್ ಚಾರ್ಜ್’, ‘ಇನ್ ಹರ್ ಚಾರ್ಜ್’ ಎಂದೂ ಬರೆಯುವುದುಂಟು. ಮಕ್ಕಳನ್ನು ನೋಡಿಕೊಳ್ಳುವ ದಾದಿಯ ಬಗ್ಗೆ ಬರೆಯುವಾಗ ಆ ಮಕ್ಕಳನ್ನೇ ‘ಹರ್ ಚಾರ್ಜಸ್’ ಎನ್ನುತ್ತಾರೆ. ಅಲ್ಲಿ ಹಣದ ಮಾತೂ ಇಲ್ಲ, ಆರೋಪದ ಮಾತೂ ಇಲ್ಲ. ಅವಳ ಪಾಲನೆಯಲ್ಲಿರುವವರು ಎಂದಷ್ಟೇ ಅರ್ಥ.

ಕಚೇರಿಯ ಇಂಗ್ಲಿಷಿನ ಬಗ್ಗೆ ಇನ್ನೂ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ‘ಇನ್‌ಚಾರ್ಜ್’ ಎಂಬುದು ಒಂದೇ ಪದವಾಗಿ, ಹುದ್ದೆಯ ಹೆಸರೇ ಆಗಿ ನಿಂತಿದೆ: ಲ್ಯಾಬ್ ಇನ್‌ಚಾರ್ಜ್, ವಾರ್ಡ್ ಇನ್‌ಚಾರ್ಜ್, ಇನ್‌ಚಾರ್ಜ್ ಪ್ರಿನ್ಸಿಪಾಲ್. ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಪದಗಳಿವೆ, ಅವುಗಳ ನಡುವಿನ ವ್ಯತ್ಯಾಸ ಮುಖ್ಯವಾದದ್ದು. ‘ಉಸ್ತುವಾರಿ’ ಎಂದರೆ ಮೇಲ್ವಿಚಾರಣೆ. ಜಿಲ್ಲಾ ಉಸ್ತುವಾರಿ ಸಚಿವರ ಹುದ್ದೆ ತಾತ್ಕಾಲಿಕ ಎಂಬ ಧ್ವನಿ ಅದರಲ್ಲಿಲ್ಲ. ‘ಪ್ರಭಾರ’ ಎಂದರೆ ಪೂರ್ಣಾವಧಿಯ ಅಧಿಕಾರಿ ಇಲ್ಲದಿರುವಾಗ ಇನ್ನೊಬ್ಬರು ಆ ಸ್ಥಾನದ ಕೆಲಸ ನೋಡಿಕೊಳ್ಳುವುದು. ಕರ್ನಾಟಕ ಸರ್ಕಾರಿ ಸೇವಾ ನಿಯಮಾವಳಿಯ ನಿಯಮ 32ರ ಮೇರೆಗೆ ಹೊರಡುವ ಪ್ರಭಾರದ ಆದೇಶಗಳನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ‘ಇನ್‌ಚಾರ್ಜ್ ಪ್ರಿನ್ಸಿಪಾಲ್’ ಈ ಎರಡನೆಯ ಅರ್ಥದ್ದು. ಆದರೆ ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಕುಳಿತು ಆ ಪತ್ರವನ್ನು ಓದುವವರಿಗೆ ‘ಇನ್ ಚಾರ್ಜ್’ ಎಂಬುದರಿಂದ ತಾತ್ಕಾಲಿಕತೆ ತಿಳಿಯುವುದಿಲ್ಲ. ಅಧಿಕಾರ ಇವರ ಕೈಯಲ್ಲಿದೆ ಎಂದಷ್ಟೇ ತಿಳಿಯುತ್ತದೆ. ಅಲ್ಲಿ ಅದಕ್ಕೆ ‘ಆಕ್ಟಿಂಗ್ ಪ್ರಿನ್ಸಿಪಾಲ್’ ಎನ್ನುತ್ತಾರೆ. ವಿದೇಶಿ ವಿಶ್ವವಿದ್ಯಾಲಯಗಳಿಗೆ ಹೋಗುವ ಪ್ರಮಾಣಪತ್ರಗಳಲ್ಲಿ ಸಹಿಯ ಕೆಳಗೆ ಹೀಗೆ ಬರೆಯುವುದು ಲೇಸು. ರಾಜ್ಯದೊಳಗಿನ ಪತ್ರವ್ಯವಹಾರಕ್ಕೆ ‘ಇನ್‌ಚಾರ್ಜ್’ ಸಾಕು, ಅದನ್ನು ತಪ್ಪೆನ್ನಲಾಗದು. ಅದು ಭಾರತದ ಇಂಗ್ಲಿಷಿನ ಸ್ವಂತ ಬಳಕೆ.

ವರ್ಗಾವಣೆಯ ಕಾಲದಲ್ಲಿ ನೀವು ತುಂಬುವ ಸಿಟಿಸಿ, ಅಂದರೆ ‘ಸರ್ಟಿಫಿಕೇಟ್ ಆಫ್ ಟ್ರಾನ್ಸ್‌ಫರ್ ಆಫ್ ಚಾರ್ಜ್’, ಈ ಪದದ ಹಳೆಯ ಅರ್ಥವನ್ನು ಚೆನ್ನಾಗಿ ಉಳಿಸಿಕೊಂಡಿದೆ. ಹೋಗುವವರೂ ಬರುವವರೂ ಒಂದೇ ಹಾಳೆಯ ಮೇಲೆ ಸಹಿ ಹಾಕುತ್ತಾರೆ. ದಿನಾಂಕದ ಮುಂದೆ ಪೂರ್ವಾಹ್ನವೋ ಅಪರಾಹ್ನವೋ ಎಂದು ಬರೆಯುತ್ತಾರೆ, ಏಕೆಂದರೆ ಆ ಅರ್ಧ ದಿನದ ಹೊಣೆ ಯಾರದು ಎಂಬುದರ ಮೇಲೆ ಸಂಬಳವೂ ಜವಾಬ್ದಾರಿಯೂ ನಿಲ್ಲುತ್ತವೆ. ಜೊತೆಗೆ ನಗದು ಶಿಲ್ಕು, ದಾಸ್ತಾನು ವಹಿ, ಬೀಗದ ಕೈ ಇವೆಲ್ಲ ಕೈ ಬದಲಾಗುತ್ತವೆ. ಹೊರೆಯನ್ನು ಒಬ್ಬರ ಹೆಗಲಿನಿಂದ ಇಳಿಸಿ ಮತ್ತೊಬ್ಬರ ಹೆಗಲಿಗೆ ಏರಿಸುವ ಕೆಲಸವಿದು. ‘ಅಸ್ಯೂಮ್ಡ್ ಚಾರ್ಜ್’, ‘ಟುಕ್ ಚಾರ್ಜ್’ ಎಂಬ ನಮ್ಮ ಪತ್ರಿಕೆಗಳ ಮಾತು ಇದರಿಂದಲೇ ಬಂದದ್ದು. ರಾಜತಾಂತ್ರಿಕ ವಲಯದಲ್ಲಿ, ರಾಯಭಾರಿ ಇಲ್ಲದಾಗ ಕಚೇರಿಯನ್ನು ನಡೆಸುವವರನ್ನು ಫ್ರೆಂಚ್ ರೂಪದಲ್ಲೇ ‘ಶಾರ್ಜೆ ದಫೇರ್’ ಎನ್ನುತ್ತಾರೆ, ವ್ಯವಹಾರಗಳ ಹೊಣೆ ಹೊತ್ತವರು ಎಂದರ್ಥ. 2019ರ ಆಗಸ್ಟಿನಲ್ಲಿ ಭಾರತ ಮತ್ತು ಪಾಕಿಸ್ತಾನದ ಸಂಬಂಧ ಹದಗೆಟ್ಟು ಹೈಕಮಿಷನರುಗಳು ಮರಳಿದ ಮೇಲೆ ಈ ಪದವಿ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿತು.

ಇನ್ನು ಆರೋಪದ ಅರ್ಥ. ಈ ಒಂದು ಅರ್ಥದಲ್ಲಿ ಆಗುವ ತಪ್ಪು ಒಬ್ಬ ವ್ಯಕ್ತಿಯ ಮಾನಕ್ಕೇ ಕುತ್ತು ತರಬಲ್ಲದಾದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಇಂಗ್ಲಿಷಿನಲ್ಲಿ ‘ಚಾರ್ಜ್ಡ್ ವಿತ್’ ಎಂದರೆ ಆರೋಪ, ‘ಚಾರ್ಜ್ಡ್ ಫಾರ್’ ಎಂದರೆ ಹಣ. ‘ಹಿ ವಾಸ್ ಚಾರ್ಜ್ಡ್ ವಿತ್ ಥೆಫ್ಟ್’ ಎಂದರೆ ಅವನ ಮೇಲೆ ಕಳ್ಳತನದ ಆರೋಪ. ‘ಹಿ ವಾಸ್ ಚಾರ್ಜ್ಡ್ ಫಾರ್ ಬ್ರೇಕ್‌ಫಾಸ್ಟ್’ ಎಂದರೆ ತಿಂಡಿಗೆ ಅವನಿಂದ ಹಣ ಪಡೆದರು. ‘ಚಾರ್ಜ್ಡ್ ಫಾರ್ ಥೆಫ್ಟ್’ ಎಂದು ಬರೆದವರು ‘ಕಳ್ಳತನಕ್ಕಾಗಿ’ ಎಂಬ ಕನ್ನಡದ ಜಾಡಿನಲ್ಲಿ ನಡೆದಿರುತ್ತಾರೆ. ‘ಅಕ್ಯೂಸ್ಡ್’ ಬಂದರೆ ಮಾತ್ರ ಪಕ್ಕದಲ್ಲಿ ‘ಆಫ್’ ಬರಬೇಕು. ‘ಚಾರ್ಜ್ಡ್ ವಿತ್’ ಎಂದಾಗಲೆಲ್ಲ ಅಪರಾಧವೇ ಇರಬೇಕೆಂದೂ ಇಲ್ಲ. ‘ದಿ ಕಮಿಟಿ ವಾಸ್ ಚಾರ್ಜ್ಡ್ ವಿತ್ ಡ್ರಾಫ್ಟಿಂಗ್ ದಿ ರೂಲ್ಸ್’ ಎಂದರೆ ನಿಯಮಗಳ ಕರಡು ಸಿದ್ಧಪಡಿಸುವ ಹೊಣೆಯನ್ನು ಸಮಿತಿಗೆ ವಹಿಸಲಾಯಿತು ಎಂದು. ಹೊರಿಸಿದ್ದು ಕೆಲಸವೋ ಅಪರಾಧವೋ ಎಂಬುದನ್ನು ‘ವಿತ್’ನ ಮುಂದಿನ ಪದ ಹೇಳುತ್ತದೆ.

ಆದರೆ ‘ಯಾರು ಹೊರಿಸಿದರು’ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಒಂದು ಉತ್ತರ, ಭಾರತದಲ್ಲಿ ಇನ್ನೊಂದು. ‘ಪೊಲೀಸ್ ಚಾರ್ಜ್ಡ್ ಎ ಮ್ಯಾನ್ ವಿತ್ ಮರ್ಡರ್’ ಎಂಬ ವಾಕ್ಯ ಇಂಗ್ಲೆಂಡಿನ ಸುದ್ದಿಯಲ್ಲಿ ಸರಿಯಾಗಿದೆ, ಅಲ್ಲಿನ ವ್ಯವಸ್ಥೆ ಹಾಗಿದೆ. ನಮ್ಮಲ್ಲಿ ತನಿಖೆ ಮುಗಿದ ಮೇಲೆ ಪೊಲೀಸರು ನ್ಯಾಯಾಲಯಕ್ಕೆ ವರದಿ ಸಲ್ಲಿಸುತ್ತಾರೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 173ರಲ್ಲಿದ್ದ ಈ ವಿಷಯ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 193ರಲ್ಲಿದೆ. ಜನರು ‘ಚಾರ್ಜ್‌ಶೀಟ್’ ಎನ್ನುವುದು, ಕನ್ನಡ ಪತ್ರಿಕೆಗಳು ‘ಆರೋಪ ಪಟ್ಟಿ’ ಅಥವಾ ‘ದೋಷಾರೋಪ ಪಟ್ಟಿ’ ಎಂದು ಬರೆಯುವುದು ಈ ವರದಿಯನ್ನೇ. ಆದರೆ ಕಾನೂನಿನ ಅರ್ಥದ ‘ಚಾರ್ಜ್’ ಅದಲ್ಲ. ನ್ಯಾಯಾಧೀಶರು ಆ ವರದಿಯನ್ನೂ ದಾಖಲೆಗಳನ್ನೂ ನೋಡಿ, ಎರಡೂ ಕಡೆಯ ವಾದ ಕೇಳಿ, ವಿಚಾರಣೆಗೆ ಸಾಕಷ್ಟು ಆಧಾರವಿದೆ ಎನಿಸಿದಾಗ, ಇಂಥ ದಿನ ಇಂಥ ಕಡೆ ಇಂಥ ಕೃತ್ಯ ಎಸಗಿ ಇಂಥ ಕಲಮಿನಡಿ ಅಪರಾಧ ಮಾಡಿದ್ದೀರಿ ಎಂದು ಆರೋಪಿಗೆ ಓದಿ ಹೇಳಿ ಅರ್ಥಮಾಡಿಸುವ ಬರಹವೇ ‘ಚಾರ್ಜ್’. ಅದಕ್ಕೆ ‘ಫ್ರೇಮಿಂಗ್ ಆಫ್ ಚಾರ್ಜ್’, ಕನ್ನಡದಲ್ಲಿ ದೋಷಾರೋಪ ನಿಗದಿ, ಎನ್ನುತ್ತಾರೆ. ಆರೋಪ ಪಟ್ಟಿ ಸಲ್ಲಿಕೆಯಾದ ಸುದ್ದಿಗೆ ‘ಆರೋಪ ನಿಗದಿ’ ಎಂಬ ತಲೆಬರಹ ಕೊಟ್ಟರೆ, ನ್ಯಾಯಾಲಯ ಇನ್ನೂ ಇಡದ ಹೆಜ್ಜೆಯನ್ನು ಇಟ್ಟಿತೆಂದು ಹೇಳಿದಂತಾಗುತ್ತದೆ. ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವವರು ‘ಅಲಿಗೇಷನ್’ಗೂ ‘ಚಾರ್ಜ್’ಗೂ ‘ಆರೋಪ’ ಎಂಬ ಒಂದೇ ಪದ ಬಳಸುವುದೂ ಇಂಥದೇ ಅಪಾಯ. ಮೊದಲನೆಯದು ಯಾರು ಬೇಕಾದರೂ ಮಾಡಬಹುದಾದದ್ದು, ಎರಡನೆಯದು ನ್ಯಾಯಾಲಯದ ಒಂದು ನಿರ್ದಿಷ್ಟ ಹಂತ. ‘ದೋಷಾರೋಪ’ ಎಂಬ ಪದವನ್ನು ಎರಡನೆಯದಕ್ಕೆ ಮೀಸಲಿಟ್ಟರೆ ಗೊಂದಲ ಇರುವುದಿಲ್ಲ.

ಇದರ ಬೆನ್ನಿಗೇ ‘ಡಿಸ್ಚಾರ್ಜ್’ ಬರುತ್ತದೆ, ಹೊರೆ ಇಳಿಸುವುದು ಎಂದರ್ಥ. ವಿಚಾರಣೆ ನಡೆಸಲು ಆಧಾರವೇ ಇಲ್ಲವೆಂದು ನ್ಯಾಯಾಲಯ ಆರೋಪಿಯನ್ನು ಆರಂಭದಲ್ಲೇ ಕೈಬಿಟ್ಟರೆ ಅದು ‘ಡಿಸ್ಚಾರ್ಜ್’. ವಿಚಾರಣೆ ನಡೆದು, ಅಪರಾಧ ಸಾಬೀತಾಗದೆ ಬಿಟ್ಟರೆ ಅದು ‘ಅಕ್ವಿಟಲ್’, ಅಂದರೆ ಖುಲಾಸೆ. ಎರಡಕ್ಕೂ ‘ಬಿಡುಗಡೆ’ ಎಂದು ಬರೆದರೆ ಜಾಮೀನಿನ ಬಿಡುಗಡೆಯೂ ಅದರಲ್ಲಿ ಬೆರೆತುಹೋಗುತ್ತದೆ. ಆಸ್ಪತ್ರೆಯ ಡಿಸ್ಚಾರ್ಜ್ ಎಲ್ಲರಿಗೂ ಗೊತ್ತು, ಅದಕ್ಕೆ ವಿವರಣೆ ಬೇಡ. ಅಣೆಕಟ್ಟಿನ ಇಂಗ್ಲಿಷ್ ವರದಿಯಲ್ಲಿ ಕ್ಯೂಸೆಕ್ ಲೆಕ್ಕದಲ್ಲಿ ಬರುವ ‘ಡಿಸ್ಚಾರ್ಜ್’ ನಮ್ಮ ಪತ್ರಿಕೆಗಳ ‘ಹೊರಹರಿವು’. ಒಂದು ಕಡೆ ಮಾತ್ರ ಎಚ್ಚರ ಬೇಕು: ‘ಡಿಸ್ಚಾರ್ಜ್ಡ್ ಹಿಸ್ ಡ್ಯೂಟೀಸ್’ ಎಂದರೆ ಕರ್ತವ್ಯದಿಂದ ಬಿಡುಗಡೆಯಾದರು ಎಂದಲ್ಲ, ಕರ್ತವ್ಯವನ್ನು ನಿರ್ವಹಿಸಿದರು ಎಂದು. ಮಾಡಿ ಮುಗಿಸಿದ್ದರಿಂದ ಹೊರೆ ಇಳಿಯಿತು ಎಂಬುದು ಒಳಗಿನ ತರ್ಕ. ‘ಡಿಸ್ಚಾರ್ಜ್ಡ್ ಫ್ರಮ್ ಡ್ಯೂಟಿ’ ಎಂದಾಗ ಮಾತ್ರ ಕೆಲಸದಿಂದ ಬಿಡುಗಡೆ. ಸೇವಾ ದಾಖಲೆಗಳಲ್ಲಿ ಇವೆರಡನ್ನು ಅದಲುಬದಲು ಮಾಡಿದರೆ ಕೆಲಸ ಮಾಡಿದ ನೌಕರರು ಕೆಲಸ ಕಳೆದುಕೊಂಡವರಾಗಿ ಕಾಣುತ್ತಾರೆ.

ಆಸ್ತಿಯ ಕಾಗದಪತ್ರಗಳಲ್ಲಿ ‘ಚಾರ್ಜ್’ ಇನ್ನೊಂದು ರೂಪದಲ್ಲಿ ಬರುತ್ತದೆ. ಅಲ್ಲಿ ಹೊರೆ ಬೀಳುವುದು ಮನುಷ್ಯನ ಮೇಲಲ್ಲ, ನೆಲದ ಮೇಲೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 100ರ ಪ್ರಕಾರ, ಒಬ್ಬರ ಸ್ಥಿರ ಸ್ವತ್ತು ಮತ್ತೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿ ನಿಂತು, ಆ ವ್ಯವಹಾರ ಅಡಮಾನದ ಮಟ್ಟ ಮುಟ್ಟದಿದ್ದರೆ ಅದು ‘ಚಾರ್ಜ್’. ಬೆಳೆಸಾಲ ಪಡೆದ ರೈತರ ಪಹಣಿಯಲ್ಲಿ ಬ್ಯಾಂಕಿನ ಅಥವಾ ಸಹಕಾರ ಸಂಘದ ಹೆಸರಿನಲ್ಲಿ ಕಾಣುವ ಋಣದ ನಮೂದಿನ ಹಿಂದೆ ಇರುವುದೂ ಇಂಥ ಹೊರೆಯೇ. ಸಂವಿಧಾನದಲ್ಲೂ ಈ ಬಳಕೆ ಇದೆ. ರಾಷ್ಟ್ರಪತಿಗಳ ಸಂಬಳ ಮತ್ತು ಭತ್ಯೆಗಳು, ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಸಂಬಳ, ಸರ್ಕಾರದ ಸಾಲದ ಬಡ್ಡಿ ಮುಂತಾದವನ್ನು 112ನೆಯ ಅನುಚ್ಛೇದ ಭಾರತದ ಸಂಚಿತ ನಿಧಿಯ, ಅಂದರೆ ಕೇಂದ್ರ ಸರ್ಕಾರದ ಮುಖ್ಯ ಖಜಾನೆಯ, ಮೇಲೆ ‘ಚಾರ್ಜ್ಡ್’ ಎಂದು ಕರೆಯುತ್ತದೆ. ಇವುಗಳ ಬಗ್ಗೆ ಸಂಸತ್ತಿನಲ್ಲಿ ಚರ್ಚೆ ನಡೆಯಬಹುದು, ಆದರೆ ಇವನ್ನು ಮತಕ್ಕೆ ಹಾಕುವಂತಿಲ್ಲ. ಆಳುವ ಪಕ್ಷಕ್ಕೆ ಒಬ್ಬ ನ್ಯಾಯಾಧೀಶರ ತೀರ್ಪು ಹಿಡಿಸದಿದ್ದರೂ ಮತದ ಮೂಲಕ ಅವರ ಸಂಬಳಕ್ಕೆ ಕೈ ಹಾಕಲಾಗದು. ಈ ‘ಚಾರ್ಜ್ಡ್’ ಅನ್ನು ‘ಶುಲ್ಕ ವಿಧಿಸಲಾದ’ ಎಂದು ಅನುವಾದಿಸಿದರೆ ಅರ್ಥವೇ ಉಳಿಯುವುದಿಲ್ಲ. ‘ನಿಧಿಯ ಮೇಲೆ ಹೊರಿಸಲಾದ ವೆಚ್ಚ’ ಎಂದರೆ ಸರಿಯಾಗುತ್ತದೆ.

ಆನೆಯ ವಿಷಯಕ್ಕೆ ಬರೋಣ. ಹೊರೆ ಹೇರುವ ಪದ ನುಗ್ಗುವ ಪದವಾದದ್ದು ಬಹುಶಃ ಆಯುಧಗಳ ಮೂಲಕ. ಮದ್ದು ತುಂಬಿ ಆಯುಧವನ್ನು ಸಜ್ಜುಮಾಡುವ ಕ್ರಿಯೆಯ ಹೆಸರೇ, ಸಜ್ಜಾದ ಮೇಲೆ ಎದುರಾಳಿಯ ಮೇಲೆ ನುಗ್ಗುವ ಕ್ರಿಯೆಗೂ ಅಂಟಿಕೊಂಡಿತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಇಂಗ್ಲಿಷಿನ ‘ಚಾರ್ಜ್’ನಲ್ಲಿ ವೇಗವಾಗಿ ನುಗ್ಗುವುದು ಇದೆ, ತಾಗುವುದು ಇರಲೇಬೇಕೆಂದಿಲ್ಲ. ಬಂಡೀಪುರ, ನಾಗರಹೊಳೆಗಳಲ್ಲಿ ಅರಣ್ಯ ಸಿಬ್ಬಂದಿ ‘ಮಾಕ್ ಚಾರ್ಜ್’ ಎಂಬ ಮಾತನ್ನು ಬಳಸುತ್ತಾರೆ: ಆನೆ ಕಿವಿ ಅಗಲಿಸಿ, ಧೂಳೆಬ್ಬಿಸಿ ಜೀಪಿನತ್ತ ಓಡಿ ಬಂದು, ಕೆಲವೇ ಮಾರು ದೂರದಲ್ಲಿ ಗಕ್ಕನೆ ನಿಂತು, ಹೆದರಿಸಿ ಹಿಂದಿರುಗುವುದು. ಅದೂ ಚಾರ್ಜೇ. ಆದ್ದರಿಂದ ‘ದಿ ಎಲಿಫೆಂಟ್ ಚಾರ್ಜ್ಡ್ ಅಟ್ ದಿ ಜೀಪ್’ ಎಂಬುದನ್ನು ‘ಆನೆ ಜೀಪಿಗೆ ಗುದ್ದಿತು’ ಎಂದು ಕನ್ನಡಿಸುವುದು ತಪ್ಪು. ‘ಆನೆ ಜೀಪಿನತ್ತ ನುಗ್ಗಿ ಬಂತು’ ಎನ್ನಬೇಕು. ಆದರೆ ಲಾಠಿ ಚಾರ್ಜ್ ಭಾರತದಲ್ಲಿ ಬೇರೆ ದಾರಿ ಹಿಡಿದಿದೆ. ಬ್ರಿಟಿಷರ ಕಾಲದಲ್ಲಿ ಹಿಂದೂಸ್ತಾನಿಯ ‘ಲಾಠಿ’ಗೆ ಇಂಗ್ಲಿಷಿನ ‘ಚಾರ್ಜ್’ ಸೇರಿ ಆದ ಈ ಜೋಡಿಪದದಲ್ಲಿ ಹೊಡೆತವೇ ಪ್ರಧಾನ. ಅದಕ್ಕೇ ನಾವು ಅದನ್ನು ‘ಲಾಠಿ ಪ್ರಹಾರ’ ಎಂದು ಕರೆದೆವು. 1928ರ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಸೈಮನ್ ಆಯೋಗದ ವಿರುದ್ಧ ನಡೆದ ಮೆರವಣಿಗೆಯಲ್ಲಿ ಲಾಲಾ ಲಜಪತ್ ರಾಯ್ ಅವರು ಲಾಠಿ ಏಟು ತಿಂದು, ನವೆಂಬರ್ 17ರಂದು ತೀರಿಕೊಂಡದ್ದನ್ನು ಶಾಲೆಯ ಚರಿತ್ರೆಯಲ್ಲಿ ಓದಿದ ಯಾರೂ ಆ ಪದವನ್ನು ಬರಿಯ ‘ನುಗ್ಗಾಟ’ವೆಂದು ತಿಳಿಯುವುದಿಲ್ಲ.

ಮೊಬೈಲಿನ ಚಾರ್ಜ್ ಇವೆಲ್ಲಕ್ಕಿಂತ ಹೊಸದಾದರೂ ಅದರ ಚರಿತ್ರೆ 18ನೆಯ ಶತಮಾನದಷ್ಟು ಹಳೆಯದು. ಒಳಗೂ ಹೊರಗೂ ಲೋಹದ ಹಾಳೆ ಅಂಟಿಸಿದ ಗಾಜಿನ ಸೀಸೆಯಲ್ಲಿ, ಅಂದರೆ ಲೈಡನ್ ಜಾಡಿಯಲ್ಲಿ, ವಿದ್ಯುತ್ತನ್ನು ಹಿಡಿದಿಡಬಹುದೆಂದು 1740ರ ದಶಕದಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಆ ಜಾಡಿಯೊಡನೆ ಪ್ರಯೋಗ ನಡೆಸಿ, ಲಂಡನ್ನಿನ ಪೀಟರ್ ಕಾಲಿನ್ಸನ್ ಅವರಿಗೆ ಬರೆದ ಪತ್ರಗಳಲ್ಲಿ, ಜಾಡಿಗೆ ವಿದ್ಯುತ್ತು ತುಂಬುವುದಕ್ಕೆ ಬಂದೂಕಿನ ‘ಚಾರ್ಜ್’ ಪದವನ್ನೇ ಬಳಸಿದರು. ಫಿರಂಗಿಗಳ ಸಾಲಿಗೆ ಇದ್ದ ‘ಬ್ಯಾಟರಿ’ ಎಂಬ ಹೆಸರನ್ನು ವಿದ್ಯುತ್ತಿಗೆ ತಂದವರೂ, ‘ಪಾಸಿಟಿವ್’, ‘ನೆಗೆಟಿವ್’ ಎಂದು ಎರಡು ಬಗೆ ಮಾಡಿದವರೂ ಅವರೇ. ಹೆಚ್ಚಾಗಿ ತುಂಬಿದ್ದು ಒಂದು, ಕೊರತೆ ಬಿದ್ದದ್ದು ಇನ್ನೊಂದು ಎಂಬ ಲೆಕ್ಕ ಅವರದಾಗಿತ್ತು. ನಮ್ಮ ವಿಜ್ಞಾನದ ಪುಸ್ತಕಗಳ ‘ಧನಾವೇಶ’, ‘ಋಣಾವೇಶ’ಗಳಲ್ಲಿ ಆ ಲೆಕ್ಕದ ಗುರುತು ಈಗಲೂ ಇದೆ. ನಿಮ್ಮ ಮೊಬೈಲಿನ ಡಬ್ಬಿಯ ಮೇಲೆ 5000 ಎಂಎಎಚ್ ಎಂದು ಬರೆದಿದ್ದರೆ, ಅದು ನಿಜವಾಗಿ ವಿದ್ಯುದಾವೇಶದ ಅಳತೆಯೇ. ಮಿಲಿ ಆಂಪಿಯರ್ ಗಂಟೆಯನ್ನು ವಿದ್ಯುದಾವೇಶದ ಮಾನವಾದ ಕೂಲಂಬಿಗೆ ತಿರುಗಿಸಿದರೆ 18,000 ಕೂಲಂಬ್ ಆಗುತ್ತದೆ. ಭೌತಶಾಸ್ತ್ರ ಓದುವ ನಿಮ್ಮ ಮಗ 5 ಆಂಪಿಯರನ್ನು 3600 ಸೆಕೆಂಡಿನಿಂದ ಗುಣಿಸಿ ನೋಡಲಿ.

ಇಲ್ಲಿ ನಾವು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಆಡುವ ಮಾತುಗಳು ಕೆಲವು ಇವೆ. ‘ಚಾರ್ಜ್ ಕಮ್ಮಿ ಇದೆ’ ಎಂಬುದು ‘ಚಾರ್ಜ್ ಈಸ್ ಲೆಸ್’ ಆಗುತ್ತದೆ. ಇಂಗ್ಲಿಷಿನವರ ವಾಡಿಕೆ ‘ದಿ ಬ್ಯಾಟರಿ ಈಸ್ ಲೋ’. ‘ಚಾರ್ಜ್ ಹೋಯಿತು’ ಎನ್ನಲು ಅವರು ‘ಮೈ ಫೋನ್ ಹ್ಯಾಸ್ ಡೈಡ್’ ಎನ್ನುತ್ತಾರೆ. ‘ಚಾರ್ಜಿಗೆ ಹಾಕಿದ್ದೇನೆ’ ಎಂಬುದಕ್ಕೆ ‘ಐ ಹ್ಯಾವ್ ಪುಟ್ ಇಟ್ ಆನ್ ಚಾರ್ಜ್’ ಸರಿಯಾದ ಮಾತು, ‘ಫಾರ್ ಚಾರ್ಜ್’ ಅಲ್ಲ. ಪ್ರೀಪೇಯ್ಡ್ ಸಿಮ್ಮಿಗೆ ಹಣ ಹಾಕುವ ನಮ್ಮ ‘ರೀಚಾರ್ಜ್’ ಬ್ರಿಟನ್ನಿನಲ್ಲಿ ‘ಟಾಪ್ ಅಪ್’. ಅಲ್ಲಿ ರೀಚಾರ್ಜ್ ಎಂದರೆ ಬ್ಯಾಟರಿಯ ವಿಷಯ ಎಂದುಕೊಳ್ಳುತ್ತಾರೆ. ಬಯಲುಸೀಮೆಯಲ್ಲಿ ‘ಬೋರ್‌ವೆಲ್ ರೀಚಾರ್ಜ್’ ಎಂಬ ಮಾತು ಈಗ ರೈತರ ನಾಲಿಗೆಯ ಮೇಲಿದೆ. ಕೇಸಿಂಗ್ ಪೈಪಿನ ಸುತ್ತ ಗುಂಡಿ ತೋಡಿ, ಪೈಪಿಗೆ ರಂಧ್ರ ಕೊರೆದು ಜಾಲರಿ ಸುತ್ತಿ, ಗುಂಡಿಯಲ್ಲಿ ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ ಮಳೆನೀರನ್ನು ಇಳಿಸುವುದನ್ನು ಅವರು ಹಾಗೆ ಕರೆಯುತ್ತಾರೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದರ ಗುರಿಯೂ ಅಂತರ್ಜಲದ ರೀಚಾರ್ಜ್. ಭೂವಿಜ್ಞಾನದ ಇಂಗ್ಲಿಷಿನಲ್ಲೂ ಇದು ಹೀಗೆಯೇ ಇದೆ, ತುಂಬುವುದು ಎಂಬ ಮೂಲ ಅರ್ಥಕ್ಕೆ ಹತ್ತಿರವಾಗಿಯೂ ಇದೆ. ‘ಮರುಪೂರಣ’ ಎಂಬ ನಮ್ಮ ಪದ ಚೆನ್ನಾಗಿದೆ, ಅದು ಇನ್ನಷ್ಟು ಬಳಕೆಗೆ ಬರಲಿ ಎಂಬುದು ನನ್ನ ಆಸೆ.

ಕೊನೆಯದಾಗಿ ಹಣ, ನಿಮ್ಮ ‘ಬಸ್ ಚಾರ್ಜ್’. ಇಂಗ್ಲಿಷಿನಲ್ಲಿ ಹಣ ಯಾವುದಕ್ಕೆ ಎಂಬುದರ ಮೇಲೆ ಪದ ಬದಲಾಗುತ್ತದೆ. ಪ್ರಯಾಣಕ್ಕೆ ಕೊಡುವುದು ‘ಫೇರ್’, ಶಾಲೆಗೆ, ಪರೀಕ್ಷೆಗೆ, ವಕೀಲರಿಗೆ, ವೈದ್ಯರಿಗೆ ಕೊಡುವುದು ‘ಫೀ’, ಹೆದ್ದಾರಿಯಲ್ಲಿ ‘ಟೋಲ್’, ವಸ್ತುವಿಗೆ ‘ಪ್ರೈಸ್’. ‘ಚಾರ್ಜ್’ ಮುಖ್ಯವಾಗಿ ಸೇವೆಗೆ ಕೇಳುವ ಮೊತ್ತ. ಎಪಿಎಂಸಿಯ ಹಮಾಲಿ ಚಾರ್ಜ್, ಚಿನ್ನದಂಗಡಿಯ ಮೇಕಿಂಗ್ ಚಾರ್ಜ್, ದರ್ಜಿಯ ಸ್ಟಿಚಿಂಗ್ ಚಾರ್ಜ್ ಇವೆಲ್ಲ ಇಂಗ್ಲಿಷಿನಲ್ಲೂ ಒಪ್ಪುವ ಬಳಕೆಗಳು. ದರ್ಜಿಯನ್ನು ‘ಹೌ ಮಚ್ ಡು ಯು ಚಾರ್ಜ್ ಫಾರ್ ಎ ಬ್ಲೌಸ್’ ಎಂದು ಕೇಳುವುದು ಸರಿ. ಟೊಮೆಟೊ ಮಾರುವವರ ಬಳಿ ‘ಹೌ ಮಚ್ ಆರ್ ದಿ ಟೊಮೆಟೋಸ್’ ಎಂದು ಕೇಳುವುದು ಸಹಜ. ಮನೆಯ ವಿದ್ಯುತ್ ಬಿಲ್ಲನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಅದರಲ್ಲಿ ನಿಗದಿತ ಶುಲ್ಕ ಬೇರೆ, ಬಳಕೆಯ ಶುಲ್ಕ ಬೇರೆ ಇರುತ್ತವೆ. ಎರಡನೆಯದು ಉರಿಸಿದ ಯೂನಿಟ್ಟುಗಳ ಲೆಕ್ಕದ್ದು. ಮೊದಲನೆಯದು, ಅಂದರೆ ‘ಫಿಕ್ಸೆಡ್ ಚಾರ್ಜ್’, ನೀವು ದೀಪ ಹಚ್ಚಲಿ ಬಿಡಲಿ, ಮಂಜೂರಾದ ಲೋಡಿನ ಕಿಲೋವ್ಯಾಟಿಗೆ ಇಷ್ಟು ಎಂದು ಬೀಳುತ್ತದೆ. ನಿಮಗಾಗಿ ಅಷ್ಟು ಹೊರೆ ಹೊರಲು ಕಂಪನಿ ಸಿದ್ಧವಾಗಿರುವುದಕ್ಕೆ ಕೊಡುವ ಹಣ ಅದು. ಹೋಟೆಲ್ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಎಂದು ತಾನಾಗಿ ಸೇರಿಸಿರುವುದು ಕಂಡರೆ, ಅದು ಸರ್ಕಾರಕ್ಕೆ ಹೋಗುವ ತೆರಿಗೆಯಲ್ಲ ಎಂಬುದು ನಿಮಗೆ ಗೊತ್ತಿರಲಿ. ಹೋಟೆಲಿನವರು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಹಾಗಾದರೆ ‘ಬಸ್ ಚಾರ್ಜ್’ ತಪ್ಪೇ? ಕನ್ನಡದಲ್ಲಿ ಆಡುವಾಗ ಖಂಡಿತ ತಪ್ಪಲ್ಲ. ‘ಬಸ್ ಚಾರ್ಜಿಗೆ ಕಾಸಿಲ್ಲ’ ಎಂದು ನಮ್ಮ ಜನ ತಲೆಮಾರುಗಳಿಂದ ಆಡಿಕೊಂಡು ಬಂದಿದ್ದಾರೆ. ಅದು ಈಗ ಕನ್ನಡದ ಪದವೇ ಆಗಿದ್ದು, ಕನ್ನಡದ ಅರ್ಥದಲ್ಲಿ ಓಡಾಡುತ್ತಿದೆ. ಇಂಗ್ಲಿಷ್ ಪತ್ರದಲ್ಲಿ, ಪ್ರಯಾಣ ಭತ್ಯೆಯ ಬಿಲ್ಲಿನ ವಿವರಣೆಯಲ್ಲಿ, ನಿಮ್ಮ ಮಗನ ಪರೀಕ್ಷೆಯ ಉತ್ತರದಲ್ಲಿ ಮಾತ್ರ ‘ಬಸ್ ಫೇರ್’ ಎಂದು ಬರೆಯಿರಿ. ಬಸ್ಸಿನ ಮೇಲೆ ಹೇರಿದ ಮೂಟೆಗೆ ಕಂಡಕ್ಟರು ಬೇರೆ ಚೀಟಿ ಹರಿದರೆ, ಆ ಮೊತ್ತವನ್ನು ಇಂಗ್ಲಿಷಿನಲ್ಲೂ ‘ಲಗೇಜ್ ಚಾರ್ಜ್’ ಎಂದೇ ಬರೆಯಬಹುದು.